ಇಪ್ಪತ್ತೆಂಟನೇ ನಂಬರಿನ ಮೇಷ್ಟ್ರು

ನಮ್ಮ ಬೀದಿಯ ನಿವೃತ್ತ ಲೆಕ್ಕದ ಮೇಷ್ಟ್ರ ಬಳಿ ಮನೆ ನಂಬರು ಕೇಳುವ ತಪ್ಪನ್ನು ಯಾರೂ ಎರಡನೇ ಸಲ ಮಾಡಿಲ್ಲ. ಇಪ್ಪತ್ತೆಂಟು ಎಂದು ಹೇಳಿ ಸುಮ್ಮನಾಗುವ ಜಾಯಮಾನ ಅವರದಲ್ಲ. "ಒಂದು, ಎರಡು, ನಾಲ್ಕು, ಏಳು, ಹದಿನಾಲ್ಕು. ತನ್ನನ್ನ ಬಿಟ್ರೆ ಇದನ್ನ ಭಾಗಿಸೋರು ಇಷ್ಟೇ ಜನ. ಎಲ್ಲಾರನ್ನೂ ಕೂಡಿಸಿ ನೋಡಿ, ಮತ್ತೆ ಇಪ್ಪತ್ತೆಂಟೇ! ಪರಿಪೂರ್ಣ ಸಂಖ್ಯೆ ಕಣ್ರೀ!" ಎಂದು ಪೋಸ್ಟ್‌ಮ್ಯಾನ್ ಅಂಗೈ ಮೇಲೆ ಬರೆದು ತೋರಿಸುತ್ತಾರೆ. ಆ ಪುಣ್ಯಾತ್ಮ ಈಗೀಗ ಕಾಗದವನ್ನು ಗೇಟಿನೊಳಗೆ ಎಸೆದು ಓಡುತ್ತಾನೆ. ಮೇಷ್ಟ್ರು ಒಮ್ಮೆ ಹಲ್ಲು ಕೀಳಿಸಲು ಹೋದಾಗ, ಬಾಯಲ್ಲಿ ಉಳಿದಿರುವುದು ಸರಿಯಾಗಿ ಇಪ್ಪತ್ತೆಂಟು ಎಂದು ಡಾಕ್ಟರ ಬಾಯಿಂದ ಕೇಳಿ, ನೋಯುವ ಹಲ್ಲನ್ನು ಹಾಗೇ ಮನೆಗೆ ಕರೆತಂದ ಮಹಾನುಭಾವರು. "ಆ ನಂಬರನ್ನೇ ಕಟ್ಕೋಬೇಕಿತ್ತು ಇವ್ರು" ಎಂದು ಹೆಂಡತಿ ಇಂದಿಗೂ ಗೊಣಗುತ್ತಾರೆ. ಹೋದ ವರ್ಷ ಇಬ್ಬರು ತಮ್ಮಂದಿರು ಜಗಳವಾಡಿ ಮನೆಯನ್ನು ಮೂರು ಪಾಲು ಮಾಡಿ ಗೋಡೆ ಎಬ್ಬಿಸಿದಾಗ, ಇಷ್ಟು ಮಾತಿನ ಮೇಷ್ಟ್ರು ಹೇಳಿದ್ದು ಒಂದೇ ಮಾತು: "ಇಪ್ಪತ್ತೆಂಟು ಮೂರರಿಂದ ಭಾಗ ಆಗಲ್ಲ ಕಣ್ರೋ." ತಮ್ಮಂದಿರು ನಕ್ಕು, ಮೂರು ಬಾಗಿಲಿಗೂ ಸೀಮೆಸುಣ್ಣದಲ್ಲಿ 28/1, 28/2, 28/3 ಎಂದು ಬರೆದರು, ಈಗಲೂ ದಿನಾ ಬರೆಯುತ್ತಾರೆ. ಏಕೆಂದರೆ ದಿನಾ ಬೆಳಿಗ್ಗೆ, ಅವರು ಏಳುವ ಮೊದಲೇ, ಮೇಷ್ಟ್ರು ಒದ್ದೆ ಬಟ್ಟೆ ಹಿಡಿದು ಬಂದು, ಇಪ್ಪತ್ತೆಂಟನ್ನು ಮುಟ್ಟದೆ, ಪಕ್ಕದ ಒಂದು, ಎರಡು, ಮೂರನ್ನು ಮಾತ್ರ ಒರೆಸಿ ಹೋಗಿರುತ್ತಾರೆ.