ಡಾಕ್ಟರ್ ಇಂದುಮತಿ ಎತ್ತಿದ ಒಂದು ಬೆರಳು

ನಿವೃತ್ತರಾದ ಮೇಲೆ ಡಾಕ್ಟರ್ ಇಂದುಮತಿ ಮೊದಲ ಎರಡು ತಿಂಗಳು ಮನೆಯ ಕಪಾಟುಗಳನ್ನೆಲ್ಲ ಒಪ್ಪ ಮಾಡಿದರು. ಮೂರನೆಯ ತಿಂಗಳು ಒಪ್ಪ ಮಾಡಿದ್ದನ್ನೇ ಮತ್ತೆ ಒಪ್ಪ ಮಾಡತೊಡಗಿದಾಗ ಗಂಡ ಪ್ರಭಂಜನ, "ನೀ ಸ್ವಲ್ಪ ಹೊರಗ ಅಡ್ಡಾಡಿ ಬಾ. ನನ್ನ ಸಾಮಾನು ಎಲ್ಲಿಟ್ಟಿ ಅಂತ ದಿನಾ ಕೇಳಿ ಕೇಳಿ ನನಗ ಸಾಕಾಗ್ಯದ" ಎಂದರು.

ಅದು ೨೦೧೨ರ ವಸಂತ. ಇಂದುಮತಿ ಹುಟ್ಟಿದ್ದು ಧಾರವಾಡದಲ್ಲಿ. ಅಮೆರಿಕದ ಡಲ್ಲಾಸ್‌ನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೇಳು ವರ್ಷ ಪೆಥಾಲಜಿಸ್ಟ್ ಆಗಿದ್ದರು. ರೋಗಿಯ ಮುಖ ನೋಡುವ ಪ್ರಸಂಗವೇ ಇಲ್ಲದ ಕೆಲಸ. ಮೈಕ್ರೋಸ್ಕೋಪಿನ ಕೆಳಗೆ ಕಂಡದ್ದನ್ನು ಕಂಡ ಹಾಗೆ ಬರೆದು ಕಳಿಸಬೇಕು, ಅಷ್ಟೆ.

ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್‌ನ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಪಾರ್ಕು. ಒಂದು ಶನಿವಾರ ಬೆಳಿಗ್ಗೆ ಅಲ್ಲಿ ತೋಳಿಲ್ಲದ ಬನಿಯನ್ನು, ಮೋಟು ಚಡ್ಡಿ ತೊಟ್ಟ ಹದಿನೆಂಟು ಇಪ್ಪತ್ತು ಜನ ಮೊಟ್ಟೆಯಾಕಾರದ ಚೆಂಡನ್ನು ಒದೆಯುತ್ತಿದ್ದರು. ಅಮೆರಿಕದ ಫುಟ್‌ಬಾಲ್ ಇರಬಹುದು ಎಂದುಕೊಂಡರೆ ತಲೆಗೆ ಹೆಲ್ಮೆಟ್ ಇಲ್ಲ, ಆಟ ನಿಲ್ಲುವುದೂ ಇಲ್ಲ. ಒಬ್ಬನಂತೂ ಮುಂದಿದ್ದವನ ಬೆನ್ನಿಗೆ ಮೊಣಕಾಲು ಕೊಟ್ಟು ಗಾಳಿಯಲ್ಲೇ ಚೆಂಡು ಹಿಡಿದ. ಕೆಳಗೆ ಬಿದ್ದಾಗ ಅವನ ಕಿರುಬೆರಳು ಪಕ್ಕಕ್ಕೆ ತಿರುಗಿ ನಿಂತಿತ್ತು.

ಇಂದುಮತಿ ಓಡಿದರು. "ನಾನು ಡಾಕ್ಟರ್" ಎಂದರು, ಹತ್ತಿರ ಹೋದ ಮೇಲೆ, "ಆದರೆ ಬದುಕಿರುವವರನ್ನು ಮುಟ್ಟಿ ಇಪ್ಪತ್ತೇಳು ವರ್ಷ ಆಯಿತು" ಎಂದು ಸೇರಿಸಿದರು. ಬಿದ್ದವನು ನೋವಿನಲ್ಲೂ ನಕ್ಕುಬಿಟ್ಟ. ಅವನ ಹೆಸರು ನೆವಿಲ್. ಆಸ್ಟ್ರೇಲಿಯಾದ ಬೆಂಡಿಗೊ ಊರಿನವನು, ಇಲ್ಲಿ ವಿಮಾನಗಳ ರಿಪೇರಿ ಮಾಡುವ ಮೆಕ್ಯಾನಿಕ್. ಅವರು ಬೆರಳಿಗೆ ಐಸ್ ಇಡಿಸಿ, ಎಕ್ಸ್‌ರೇಗೆ ಹೋಗಲು ಹೇಳಿದರು. ಅವನು ಹೋಗುವ ಮೊದಲು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟ. ಹಾಲು ಹಾಕಿದ ಬಿಸಿ ಚಹಾ. ಚಹಾ ಕೇಳಿದರೆ ಐಸ್ ತುಂಬಿದ ಲೋಟ ತಂದಿಡುವ ಟೆಕ್ಸಸ್‌ನಲ್ಲಿ ಹೊರಗಿನವರ ಕೈಯಿಂದ ಅಂಥ ಚಹಾ ಕುಡಿದ ನೆನಪು ಅವರಿಗಿರಲಿಲ್ಲ.

ಮುಂದಿನ ಶನಿವಾರ ಮತ್ತೆ ಹೋದರು. ನೆವಿಲ್ ಬೆರಳಿಗೆ ಪಟ್ಟಿ ಕಟ್ಟಿಕೊಂಡು ಬದಿಯಲ್ಲಿ ಕೂತಿದ್ದ. ಇದು ಆಸ್ಟ್ರೇಲಿಯಾದ ಫುಟ್‌ಬಾಲ್ ಎಂದು, ಆಟದ ಲೆಕ್ಕಾಚಾರ ಬಿಡಿಸಿ ಹೇಳಿದ: ಮೈದಾನದ ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ, ನಡುವಿನ ಎರಡು ಎತ್ತರ, ಪಕ್ಕದವು ಗಿಡ್ಡ. ಎತ್ತರದ ಕಂಬಗಳ ನಡುವೆ ಒದ್ದರೆ ಗೋಲು, ಆರು ಅಂಕ. ಎತ್ತರದ ಮತ್ತು ಗಿಡ್ಡ ಕಂಬಗಳ ನಡುವೆ ಹೋದರೆ ಒಂದೇ ಅಂಕ. ಎತ್ತರದ ಕಂಬಕ್ಕೆ ಚೂರು ತಾಗಿದರೂ ಒಂದೇ. ಅದನ್ನು ನೋಡಿ ಹೇಳಲಿಕ್ಕೆ ಕಂಬದ ಬುಡದಲ್ಲೊಬ್ಬ ಅಂಪೈರ್ ಬೇಕು. ಗೋಲಾದರೆ ಎರಡು ಬೆರಳು, ಇಲ್ಲದಿದ್ದರೆ ಒಂದು.

"ನಮಗೆ ಅಂಥವರು ಸಿಗೋದೇ ಇಲ್ಲ. ಎಲ್ಲರಿಗೂ ಆಡೋದೇ ಬೇಕು. ನಿಮ್ಮ ಕಣ್ಣು ಹೇಗಿದೆ, ಡಾಕ್ಟರ್?"

"ಇಷ್ಟು ವರ್ಷ ಅದರಿಂದಲೇ ಹೊಟ್ಟೆ ಹೊರೆದಿದ್ದೀನಿ."

ಹಳೇ ಕಾಲದ ಗೋಲ್ ಅಂಪೈರುಗಳು ಬಿಳಿ ಕೋಟು ಹಾಕುತ್ತಿದ್ದರಂತೆ. ಇಂದುಮತಿ ಆಸ್ಪತ್ರೆಯ ಕೋಟನ್ನು ತೆಗೆದು ಇಸ್ತ್ರಿ ಮಾಡಿದರು. ಚೂಡಿದಾರದ ಮೇಲೆ ಆ ಕೋಟು, ತಲೆಗೆ ಹತ್ತಿಯ ಟೋಪಿ, ಕೈಯಲ್ಲಿ ಅಂಕ ಸಾರಲು ಬೀಸುವ ಎರಡು ಬಾವುಟ. ಪ್ರಭಂಜನರಿಗೆ ಇದು ಹಿಡಿಸಲಿಲ್ಲ. ಅವರು ಹುಡುಗುತನದಲ್ಲಿ ನಸುಕಿಗೇ ಎದ್ದು ಆಸ್ಟ್ರೇಲಿಯಾದಿಂದ ಬರುವ ಕ್ರಿಕೆಟ್ ಕಾಮೆಂಟರಿಗೆ ಕಿವಿಗೊಟ್ಟವರು. "ಆ ದೇಶದವರು ಕ್ರಿಕೆಟ್ ಬಿಟ್ಟು ಈ ಗುದ್ದಾಟ ಯಾಕ ಆಡ್ತಾರೋ" ಎನ್ನುತ್ತಿದ್ದರು. ಮೆಲ್ಬರ್ನ್‌ನ ದೊಡ್ಡ ಕ್ರಿಕೆಟ್ ಮೈದಾನದಲ್ಲೇ ಚಳಿಗಾಲದಲ್ಲಿ ಇದನ್ನು ಆಡುತ್ತಾರೆ, ಲಕ್ಷ ಜನ ಸೇರುತ್ತಾರೆ ಎಂದು ನೆವಿಲ್ ಒಂದು ದಿನ ಹೇಳಿದ. ಮುಂದಿನ ವಾರ ಪ್ರಭಂಜನರೂ ಮಡಚುವ ಕುರ್ಚಿ ಎತ್ತಿಕೊಂಡು ಹೊರಟರು.

ಮೂರು ವರ್ಷ ಹೀಗೆ ನಡೆಯಿತು. ಆಟ ಮುಗಿದ ಮೇಲೆ ಬ್ರೆಡ್ ಹೋಳಿನಲ್ಲಿ ಮಾಂಸದ ಸಾಸೇಜು ಸುತ್ತಿ ತಿನ್ನುವುದು ಅವರ ಪದ್ಧತಿ. ಇವರಿಬ್ಬರಿಗೆ ಬೇರೆ ಬಾಣಲೆಯಲ್ಲಿ ಹುರಿದ ಈರುಳ್ಳಿ. ಇಂದುಮತಿ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ಒಯ್ದು ಅದರ ಮೇಲೆ ಉದುರಿಸಿದ್ದೇ ತಡ, ಎಲ್ಲರೂ ಬ್ರೆಡ್ ಚಾಚತೊಡಗಿದರು. ಬೈಲಹೊಂಗಲದ ಬಸವರಾಜ್ ಎಂಬ ಸಾಫ್ಟ್‌ವೇರ್ ಇಂಜಿನಿಯರ್ ತಂಡಕ್ಕೆ ಸೇರಿದ್ದು ಆ ಚಟ್ನಿಪುಡಿಯ ವಾಸನೆಗೇ ಎಂದು ಪ್ರಭಂಜನ ತಮಾಷೆ ಮಾಡುತ್ತಿದ್ದರು.

೨೦೧೫ರ ಜೂನ್‌ನಲ್ಲಿ ಆಸ್ಟಿನ್‌ಗೇ ಹೋಗಿ ಅಲ್ಲಿಯ ತಂಡದ ಮೇಲೆ ಆಡುವುದು ಬಿತ್ತು. ನೆವಿಲ್‌ಗೆ ಆಗ ನಲವತ್ತಾರು. ಅವನ ಹೆಂಡತಿಗೆ ಬೆಂಡಿಗೊದಲ್ಲಿ ಕೆಲಸ ಸಿಕ್ಕಿತ್ತು. ತಿಂಗಳೊಳಗೆ ಊರಿಗೆ ಹೊರಡುವವರು. ಇದು ಅವನ ಕೊನೆಯ ಆಟ.

ಕೊನೆಯ ನಿಮಿಷದಲ್ಲಿ ಡಲ್ಲಾಸ್ ಮೂರು ಅಂಕ ಹಿಂದಿತ್ತು. ನೆವಿಲ್ ಹಾರಿ ಚೆಂಡು ಹಿಡಿದ. ಅದೇ ಹೊತ್ತಿಗೆ ಆಟ ಮುಗಿದ ಸೈರನ್ ಕೂಗಿತು. ಹಿಡಿದವನಿಗೆ ಒದೆಯುವ ಹಕ್ಕು ಉಳಿಯುತ್ತದೆ. ಗೋಲಾದರೆ ಗೆಲುವು. ಅವನು ಸಾಕ್ಸು ಮೇಲಕ್ಕೆಳೆದುಕೊಂಡು, ನಾಲ್ಕು ಹೆಜ್ಜೆ ಓಡಿ ಒದ್ದ.

ಚೆಂಡು ಎತ್ತರಕ್ಕೆ ಬಂತು. ಇಂದುಮತಿ ಬಲಗಂಬದ ಕೆಳಗೆ ಕತ್ತೆತ್ತಿ ನಿಂತಿದ್ದರು. ಕಂಬದ ತುದಿಯ ಹತ್ತಿರ ಉಗುರಿನಿಂದ ತಟ್ಟಿದಷ್ಟು ಸಣ್ಣ ಸದ್ದು. ಚೆಂಡು ತಿರುಗುತ್ತಿದ್ದ ದಿಕ್ಕು ಒಂದಿಷ್ಟು ಬದಲಾಗಿ ಒಳಗೆ ಬಿತ್ತು. ಆಸ್ಟಿನ್ ಹುಡುಗರು ಆಗಲೇ ತಲೆ ತಗ್ಗಿಸಿದ್ದರು. ಡಲ್ಲಾಸ್‌ನವರು ಕೈ ಮೇಲೆತ್ತಿ ಓಡಿ ಬರುತ್ತಿದ್ದರು. ಮೈದಾನದ ನಡುವಿನ ಅಂಪೈರ್ ಇವರತ್ತ ನೋಡಿದ.

ಇಂದುಮತಿ ಕಂಬವನ್ನು ತಟ್ಟಿ ತೋರಿಸಿ, ಒಂದು ಬೆರಳು ಎತ್ತಿದರು.

ನೆವಿಲ್ ಹತ್ತಿರ ಬಂದ. ಮುಖ ಕೆಂಪಗಾಗಿತ್ತು. "ಖಂಡಿತಾನಾ?"

"ಖಂಡಿತ."

ಅವನು ನೀರಿನ ಬಾಟಲಿ ಹುಡುಕುತ್ತ ಹೋದ. ಅಂದು ಬ್ರೆಡ್ ತಿನ್ನುವಾಗ ದೂರದ ಮರದ ಕೆಳಗೆ ಕೂತ.

ವಾಪಸು ಬರುವಾಗ ಬಸವರಾಜ್ ಡ್ರೈವ್ ಮಾಡುತ್ತಿದ್ದ. ಅರ್ಧ ದಾರಿ ಕಳೆದ ಮೇಲೆ ತಡೆಯಲಾರದೆ, "ಆಂಟಿ, ಅಲ್ಲಿ ಯಾರೂ ನೋಡಿರಲಿಲ್ರಿ. ಅವರ ಅಂಪೈರ್ ಸೈತ ನೋಡಿರಲಿಲ್ಲ. ನೆವಿಲ್‌ಗಾಗಿ ಒಂದು ಸಲ..." ಎಂದ.

"ನಾ ನೋಡಿದ್ದೆನಲ್ಲಪಾ" ಎಂದರು ಇಂದುಮತಿ. ಧ್ವನಿ ಗಟ್ಟಿ ಇರಲಿಲ್ಲ.

ಹಿಂದಿನ ಸೀಟಿನಿಂದ ಪ್ರಭಂಜನ ಕೆಮ್ಮಿದರು. "ಕಂಬಕ್ಕ ಬಡದದ್ದು ನನಗೂ ಕೇಳಿಸ್ತು."

ಅವರು ಕೂತಿದ್ದದ್ದು ಮೈದಾನದ ಆಚೆ ತುದಿಯಲ್ಲಿ. ಮೇಲಾಗಿ ಎಡಗಿವಿ ಮಂದ. ಬಸವರಾಜ್‌ಗೂ ಅದು ಗೊತ್ತಿತ್ತು. ಅವನು ಕನ್ನಡಿಯಲ್ಲಿ ಒಮ್ಮೆ ನೋಡಿ, "ಆತು ಬಿಡ್ರಿ ಅಂಕಲ್" ಎಂದ. ಇಂದುಮತಿ ಹಿಂದೆ ತಿರುಗಿ ಗಂಡನನ್ನು ನೋಡಿದರು. ಅವರು ಕಿಟಕಿಯಾಚೆ ಏನೋ ಮಹತ್ವದ್ದು ಇರುವವರಂತೆ ನೋಡುತ್ತಿದ್ದರು.

ಎರಡು ಶನಿವಾರ ಇಂದುಮತಿ ಪಾರ್ಕಿಗೆ ಹೋಗಲಿಲ್ಲ. ತಪ್ಪು ಮಾಡಿದೆನೆಂದಲ್ಲ, ಅವನು ಮುಖ ತಿರುಗಿಸಿದರೆ ಏನು ಮಾಡುವುದೆಂಬ ಅಂಜಿಕೆ. ಮೂರನೆಯ ವಾರ ಅವನೇ ಮನೆಗೆ ಬಂದ. ಬಾಗಿಲಲ್ಲೇ ನಿಂತು ಹೇಳಿದ: "ಕಾಲಿನಿಂದ ಚೆಂಡು ಬಿಟ್ಟಾಗಲೇ ಸರಿ ಹೋಗಲಿಲ್ಲ ಅಂತ ನನಗೆ ಗೊತ್ತಾಗಿತ್ತು. ನೀವು ಸುಳ್ಳು ಹೇಳಿದ್ದರೆ ಏನು ಹೋಗುತ್ತಿತ್ತು ಅಂತ ಒಂದು ವಾರ ಸಿಟ್ಟಿತ್ತು. ಆಮೇಲೆ ಆ ಸಿಟ್ಟಿಗೇ ನಾಚಿಕೆಯಾಯಿತು. ಬರಲಿಕ್ಕೆ ಇನ್ನೊಂದು ವಾರ ಬೇಕಾಯಿತು."

"ಒಳಗೆ ಬಾ" ಎಂದರು ಇಂದುಮತಿ. "ಉಪ್ಪಿಟ್ಟು ಆರಿಹೋಗುತ್ತೆ."

ಅವನು ಎರಡು ಸಲ ಹಾಕಿಸಿಕೊಂಡು ತಿಂದ. ಹೊರಡುವಾಗ ಪ್ರಭಂಜನರು ಕೈಕುಲುಕಿ ಬಹಳ ಹೊತ್ತು ಬಿಡಲಿಲ್ಲ.

ಮರುವರ್ಷ ಡಲ್ಲಾಸ್‌ಗೂ ಹ್ಯೂಸ್ಟನ್‌ಗೂ ಹ್ಯೂಸ್ಟನ್‌ನಲ್ಲಿ ಆಟ ಗೊತ್ತಾಯಿತು. ಹ್ಯೂಸ್ಟನ್ ತಂಡದವರು ಬಸವರಾಜ್‌ಗೆ ಫೋನ್ ಮಾಡಿ, ತಮ್ಮ ಕಡೆಯ ಕಂಬಕ್ಕೆ ಜನವಿಲ್ಲ, ಆಸ್ಟಿನ್‌ನವರು ಹೇಳಿದ ಆ ಬಿಳಿ ಕೋಟಿನ ಡಾಕ್ಟರ್ ಬಂದರೆ ಸಾಕು ಎಂದರು. ನಿಮ್ಮ ಎದುರಾಳಿ ಊರಿನವರಲ್ಲವೇ ಎಂದು ಬಸವರಾಜ್ ಕೇಳಿದ್ದಕ್ಕೆ, ಅದರಿಂದ ತಮಗೇನೂ ತೊಂದರೆಯಿಲ್ಲ ಎಂದರಂತೆ.

ಸುದ್ದಿ ಕೇಳಿ ಇಂದುಮತಿ ಒಳಗೆ ಹೋಗಿ ಕೋಟಿನ ತೋಳಿನ ಗುಂಡಿ ಹೊಲಿಯುತ್ತ ಕೂತರು. ಪ್ರಭಂಜನರು ಮಾತ್ರ ಹ್ಯೂಸ್ಟನ್‌ನ ಭಾರತೀಯರ ಬೀದಿಯಾದ ಹಿಲ್‌ಕ್ರಾಫ್ಟ್‌ನಲ್ಲಿ ಯಾವ ಹೋಟೆಲಿನಲ್ಲಿ ಊಟ ಮಾಡಬೇಕೆಂದು ಆಗಲೇ ಹುಡುಕತೊಡಗಿದ್ದರು.