ಚಾಹುಡಿಯ ಬೆಳ್ಳಿ ಚಮಚ

ನನ್ನಲ್ಲಿ ಹಳೆಯ ಬೆಳ್ಳಿ ಚಮಚಗಳಿವೆ ಎಂದರೆ ಜನ ನನ್ನನ್ನು ಶ್ರೀಮಂತನೆಂದು ತಿಳಿಯುತ್ತಾರೆ. ಅವು ಡಬ್ಬಿಯಿಂದ ಚಾಹುಡಿ ತೆಗೆಯುವ ಚಮಚಗಳು ಎಂದರೆ ತಲೆ ಕೆಟ್ಟವನೆಂದು ತಿಳಿಯುತ್ತಾರೆ. ಎರಡನೆಯದೇ ಸತ್ಯಕ್ಕೆ ಹತ್ತಿರ.

ಮಡಂತ್ಯಾರಿನಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದೆ. ಕಂಪ್ಯೂಟರು ಬಂತು, ಮಕ್ಕಳೆಲ್ಲ ಅತ್ತ ಹೋದರು. ಮದುವೆಯಾಗದ ನನಗೆ ಬಿಡುವೋ ಬಿಡುವು. ಬೆಳ್ತಂಗಡಿ, ಮೂಡುಬಿದಿರೆಯ ಅಂಗಡಿಗಳಲ್ಲಿ ಕರಗಿಸಲಿಟ್ಟ ಬೆಳ್ಳಿಯನ್ನು ಕೆದಕುವ ಚಟ ಹತ್ತಿತು. ಘಾಟಿಯ ಮೇಲಿನ ಕಾಫಿ ತೋಟಗಳಲ್ಲಿ ಬಿಳಿಯರು ಬಿಟ್ಟುಹೋದ ಸಾಮಾನು ಕೈಯಿಂದ ಕೈಗೆ ದಾಟಿ ಅಲ್ಲಿಗೆ ಇಳಿಯುತ್ತಿತ್ತು. ಒಂದು ಚಮಚ ಎಲೆಯ ಹಾಗೆ, ಇನ್ನೊಂದು ಕುದುರೆ ಸವಾರನ ಟೊಪ್ಪಿಯ ಹಾಗೆ, ನನ್ನ ಅಚ್ಚುಮೆಚ್ಚಿನದು ಕಡಲ ಚಿಪ್ಪಿನ ಹಾಗೆ. ಹಿಂದೆ ಹುಡಿ ತೋಡಲು ಚಾಹುಡಿಯ ಪೆಟ್ಟಿಗೆಯಲ್ಲಿ ನಿಜವಾದ ಚಿಪ್ಪನ್ನೇ ಇಡುತ್ತಿದ್ದರಂತೆ. ಚಾ ಮಾಡುವಾಗ ತಲೆಗೊಂದು ಚಮಚ ಹುಡಿ, ಮೇಲೆ ಚಾ ಪಾತ್ರೆಯ ಪಾಲಿಗೆಂದು ಇನ್ನೊಂದು ಎಂಬುದು ಆ ದೊರೆಗಳ ಲೆಕ್ಕ. ನನ್ನ ಮನೆಯಲ್ಲಿ ನನಗೆ ಜೊತೆ ಎಂದರೆ ಆ ಪಾತ್ರೆಯೇ.

ಭಾನುವಾರ ಎಲ್ಲವನ್ನೂ ಮೇಜಿನ ಮೇಲೆ ಹರಡುತ್ತಿದ್ದೆ. ಯಾರಾದರೂ ಬಂದು ‘ಇದೇನು?’ ಎಂದು ಕೇಳಲಿ ಎಂಬ ಆಸೆ. ಹೇಳಲು ಎಷ್ಟೊಂದಿತ್ತು! ಯಾರೂ ಬರುತ್ತಿರಲಿಲ್ಲ. ಒಬ್ಬನೇ ಹರಡಿ ಒಬ್ಬನೇ ಎತ್ತಿಡುವಾಗ ಕಣ್ಣು ತುಂಬಿದ್ದೂ ಉಂಟು.

ಒಂದು ಭಾನುವಾರ ಪಕ್ಕದ ಮನೆಯ ಐಸಮ್ಮ ಬಾಗಿಲಿಗೆ ಬಂದರು. ಜ್ವರ ಬಂದ ಮೊಮ್ಮಗ ಮದ್ದನ್ನೆಲ್ಲ ಉಗುಳುತ್ತಿದ್ದನಂತೆ, ಏನಾದರೂ ಉಪಾಯ ಉಂಟೋ ಎಂದು ಕೇಳಲು ಬಂದದ್ದು. ಮೇಜಿನ ಕಡೆ ನೋಡಿ ಅವರ ಮುಖ ಅರಳಿತು.

“ಮಾಸ್ಟ್ರೇ, ಮಕ್ಕಳಿಗೆ ಮದ್ದು ಕುಡಿಸುವ ಬೆಳ್ಳಿ ಚಮಚ ಇಷ್ಟೆಲ್ಲ ಉಂಟಲ್ಲ ನಿಮ್ಮಲ್ಲಿ! ಒಂದು ಕೊಡಿ ಮಾರಾಯ್ರೆ.”

ಮಗುವಿಲ್ಲದ ಮನೆಯಲ್ಲಿ ಇಷ್ಟೊಂದು ಯಾಕೆ ಎಂದು ಅವರು ಕೇಳಲಿಲ್ಲ. ನಾನೂ ಇತಿಹಾಸ ಬಿಚ್ಚಲಿಲ್ಲ. ಚಿಪ್ಪಿನದನ್ನೇ ಕೊಟ್ಟೆ.

ಮಗುವಿಗೆ ಗುಣವಾದ ಮೇಲೆ ಅವರು ಅದನ್ನು ಬೂದಿ ಹಾಕಿ ತಿಕ್ಕಿ ತಂದರು. ಹಳೆಯ ಕಾಲದ ಮಾಸಲು ಬಣ್ಣವೆಲ್ಲ ಹೋಗಿ ಫಳಫಳ ಹೊಳೆಯುತ್ತಿತ್ತು, ಅಂಚಿನಲ್ಲಿ ಪುಟ್ಟ ಹಲ್ಲಿನ ಗುರುತು ಬೇರೆ. ಹಳೆಯ ಬೆಳ್ಳಿಗೆ ಆ ಮಾಸಲು ಬಣ್ಣವೇ ಬೆಲೆ ಎಂದು ಅವರಿಗೇನು ಗೊತ್ತು! ಆದರೆ ಆ ನಷ್ಟಕ್ಕಿಂತ ದೊಡ್ಡ ಹೆದರಿಕೆ ಒಂದಿತ್ತು: ಇದನ್ನು ವಾಪಸು ತೆಗೆದುಕೊಂಡರೆ ಇವರು ಇನ್ನು ಯಾಕೆ ಈ ಕಡೆ ಬರುತ್ತಾರೆ?

“ನಿಮ್ಮಲ್ಲೇ ಇರಲಿ ಐಸಮ್ಮ, ಮಗುವಿಗೆ ಬೇಕಾಗ್ತದೆ,” ಎಂದೆ.

“ಹಾಗಾದ್ರೆ ಆಗಾಗ ಬಂದು ನೋಡಿ ಹೋಗಿ,” ಎಂದರು ಅವರು. “ಚಾ ಮಾಡ್ತೇನೆ.”

ಈಗ ಭಾನುವಾರ ಸಂಜೆ ನನ್ನ ಚಮಚವನ್ನು ನೋಡಿಕೊಂಡು ಬರಲು ಹೋಗುತ್ತೇನೆ. ಐಸಮ್ಮ ಹುಡಿಯನ್ನು ಅಂದಾಜಿನಲ್ಲಿ ಕೈಯಿಂದಲೇ ಹಾಕುತ್ತಾರೆ, ಚಾ ಕಡಕ್ ಆಗಿರುತ್ತದೆ. ಮನೆಗೆ ಮರಳಿ ಉಳಿದ ಚಮಚಗಳನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ. ಎಲ್ಲವನ್ನೂ ಹೀಗೆ ಊರಿಗೆ ಹಂಚಿಬಿಟ್ಟಿದ್ದರೆ ದಿನಕ್ಕೊಂದು ಮನೆ ಇರುತ್ತಿತ್ತಲ್ಲ!