ಅಕ್ಕನನ್ನು ರೆಗ್ಗೆಗೆ ಕರೆದುಕೊಂಡು ಹೋದದ್ದು

ನನಗೆ ಬದುಕಿನಲ್ಲಿ ಜಂಬವಿದ್ದದ್ದು ಒಂದೇ ವಿಷಯಕ್ಕೆ: ತಾಳ. ಬಂಗಾರಪೇಟೆಯ ನಮ್ಮ ಭಜನೆ ಮಂಡಳಿಯಲ್ಲಿ ಮೂವತ್ತು ವರ್ಷದಿಂದ ತಾಳ ಹಾಕುತ್ತಿದ್ದೇನೆ. ಹಾರ್ಮೋನಿಯಂನವರು ತೂಕಡಿಸಿದ್ದುಂಟು, ಹಾಡುವವರು ಚರಣ ಮರೆತು ಮತ್ತೆ ಪಲ್ಲವಿಗೇ ಬಂದದ್ದುಂಟು. ನನ್ನ ತಾಳ ತಪ್ಪಿದ್ದಿಲ್ಲ. ಆ ಜಂಬ ಕಳೆದ ತಿಂಗಳು ಒಂದು ಭಾನುವಾರ ಸಂಜೆ, ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ಮೈದಾನದಲ್ಲಿ ಇಳಿದುಹೋಯಿತು.

ಕರೆದವಳು ನನ್ನ ಅಕ್ಕನ ಮಗಳು ಪವಿತ್ರ. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ; ಬಿಡುವಿನಲ್ಲಿ ಗೆಳೆಯರ ಜೊತೆ ಪರದೇಶದ ಹಾಡುಗಳಾದ ರೆಗ್ಗೆ, ಹಿಪ್‌ಹಾಪ್. "ದೇವ್ರ್ ಪದಾನೇ ಮಾಮ, ಬೀಟ್ ಮಾತ್ರ ಬ್ಯಾರೆ. ಅಮ್ಮನ್ನೂ ಕರ್ಕೊಂಡ್ ಬಾ" ಎಂದಳು.

ಅದು ಸುಲಭದ ಮಾತಲ್ಲ. ತೀರಿಹೋದ ಭಾವ, ಅಂದರೆ ಅಕ್ಕನ ಗಂಡ, ಚಿನ್ನದ ಗಣಿಯಲ್ಲಿ ದುಡಿದವರು. ಏಕತಾರಿ ಹಿಡಿದು ತಾವೇ ಕಟ್ಟಿದ ತತ್ವಪದ ಹಾಡುತ್ತಿದ್ದರು, ಒಂದನ್ನೂ ಬರೆದಿಡಲಿಲ್ಲ. ಅದರಲ್ಲೊಂದನ್ನು ರೆಗ್ಗೆಗೆ ಹಾಕುತ್ತೇನೆಂದು ಪವಿತ್ರ ಹೇಳಿದ ದಿನ ಅಕ್ಕ, "ನಿಮ್ಮಪ್ಪನ್ ಪದಾನ ಡಬ್ಬ ಬಡ್ದು ಕೆಡಿಸ್ತೀಯೇನೇ?" ಎಂದು ಮಾತು ಬಿಟ್ಟವಳು, ಆರು ತಿಂಗಳಾದರೂ ಆಡಿರಲಿಲ್ಲ. ಕ್ಯಾಸಂಬಳ್ಳಿ ಹತ್ತಿರದ ಒಂದೇ ಮನೆಯಲ್ಲಿ ತಾಯಿ ಮಗಳು ಹಸುವಿನ ಮೂಲಕ ಸಂಸಾರ ನಡೆಸುತ್ತಿದ್ದರು. "ಲೇ ಗೌರಿ, ಸಾರು ಮುಚ್ಚಿಕ್ಕಿದೀನಿ ಅಂತ ಅವ್ಳಿಗೇಳು" ಎಂದು ಅಕ್ಕ ಹಸುವಿಗೆ ಹೇಳುವುದು. "ತಿಂದ್ಕೊಂಡೇ ಬಂದೆ ಅಂತ ಏಳು ಗೌರಿ" ಎಂದು ಮಗಳು ಉತ್ತರವನ್ನೂ ಹಸುವಿಗೇ ಕೊಡುವುದು. ಗೌರಿ ಎಷ್ಟು ದಿನ ತಡೆದೀತು? ಹಾಲು ಕಡಿಮೆ ಮಾಡಿತು.

ಭಜನೆ ಎಂದಷ್ಟೇ ಹೇಳಿ ಅಕ್ಕನನ್ನು ಹೊರಡಿಸಿದೆ. ಮೈದಾನದ ಬಾಗಿಲಲ್ಲಿ ಸೊಂಟದವರೆಗೆ ಜಟೆ ಬಿಟ್ಟ ಯುವಕನೊಬ್ಬ ನಿಂತಿದ್ದ. ಅಕ್ಕ ಚಪ್ಪಲಿ ಬಿಟ್ಟು ಕೈಮುಗಿದು, "ಯಾವ ಮಠ ಸ್ವಾಮೀ ತಮ್ದು?" ಎಂದಳು. ಅವನು ಎರಡು ಹೆಜ್ಜೆ ಹಿಂದೆ ಹಾರಿದ. "ಅಯ್ಯೋ ವೇಣಾಮ್ಮಾ, ಬೇಡಮ್ಮಾ! ನಂದು ಆಂಡರ್ಸನ್‌ಪೇಟೆ. ಮೊಬೈಲ್ ರಿಪೇರಿ. ಇಲ್ಲಿ ಡ್ರಮ್ ಬಾರಿಸ್ತೀನಿ." ಅಕ್ಕನಿಗೆ ನಿರಾಸೆಯೇನೂ ಆಗಲಿಲ್ಲ. ಸೊಂಟದಿಂದ ಫೋನ್ ತೆಗೆದು, "ಅಂಗಾದ್ರೆ ಇದ್ರಾಗೆ ಮಾತೇ ಕೇಳ್ಸಾಕಿಲ್ಲ, ನೋಡಪ್ಪ" ಎಂದಳು. ಜಟಾಧಾರಿ ಅಲ್ಲೇ ಸೌಂಡ್ ಸರಿಮಾಡಿಕೊಟ್ಟ. ಬೇಡಿಕೊಂಡ ಕೂಡಲೇ ಇಷ್ಟು ಬೇಗ ಫಲ ಕೊಟ್ಟ ಸ್ವಾಮಿಯನ್ನು ನಾನು ಬೇರೆ ಕಂಡಿಲ್ಲ.

ವೇದಿಕೆಯ ಮೇಲೆ ಹೊಗೆ ಎದ್ದಾಗ ಅಕ್ಕ ಮೂಗರಳಿಸಿ, "ಸಾಂಬ್ರಾಣಿ ವಾಸ್ನೆನೇ ಇಲ್ವಲ್ಲಾ" ಎಂದಳು. ಅಷ್ಟರಲ್ಲಿ ಸ್ಪೀಕರ್ ಗುಡುಗಿ, ಮಧ್ಯಾಹ್ನ ಉಂಡ ಮುದ್ದೆ ಹೊಟ್ಟೆಯಲ್ಲಿ ಎದ್ದು ಕುಳಿತಿತು. ನಾನು ಹುರುಪಿನಿಂದ ಚಪ್ಪಾಳೆ ಶುರುಮಾಡಿದೆ. ರೆಗ್ಗೆಯ ಗುಟ್ಟು ತಿಳಿದದ್ದು ಆಗಲೇ. ನಾವು ಕೈ ತಟ್ಟುವ ಜಾಗದಲ್ಲಿ ಅವರು ಸುಮ್ಮನಿರುತ್ತಾರೆ, ನಾವು ಕೈ ಎತ್ತಿದಾಗ ಗಿಟಾರ್ ಮೀಟುತ್ತಾರೆ. ಇಡೀ ಮೈದಾನದಲ್ಲಿ ನನ್ನ ಚಪ್ಪಾಳೆ ಒಂದೇ ಒಂಟಿಯಾಗಿ ಬೀಳುತ್ತಿತ್ತು. ಮುಂದಿನ ಸಾಲಿನ ಹುಡುಗಿ ತಿರುಗಿ, "ಅಂಕಲ್, ಸ್ವಲ್ಪ ಲೇಟಾಗಿ ತಟ್ಟಿ" ಎಂದಳು. ತಡಮಾಡಿ ತಟ್ಟಿದೆ, ಅಷ್ಟು ಹೊತ್ತಿಗೆ ಹಾಡೇ ಮುಗಿದಿತ್ತು. ಕೈಗಳನ್ನು ಕಂಕುಳಲ್ಲಿ ಬಂಧಿಸಿಟ್ಟೆ.

ಹಿಪ್‌ಹಾಪ್ ಅಷ್ಟು ಹೊಸದೆನಿಸಲಿಲ್ಲ. ಪುರೋಹಿತರು ಸಂಕಲ್ಪ ಹೇಳುವಾಗ ಭರತಖಂಡದಿಂದ ನಮ್ಮ ಬೀದಿಯವರೆಗೆ ಒಂದೇ ಉಸಿರಿನಲ್ಲಿ ಇಳಿಯುತ್ತಾರಲ್ಲ, ಅದೇ ವೇಗ. ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಸಾಲಿನಲ್ಲಿ ನುಗ್ಗಾಡುತ್ತಿದ್ದವು. ಕಿವಿಗೊಟ್ಟು ಕೇಳಿದರೆ ಹೇಳುತ್ತಿದ್ದದ್ದು ಅಹಂಕಾರ ಬಿಡು ಎಂದೇ. ಒಬ್ಬ ಹಾಡುವುದು, ಜನ ತಿರುಗಿ ಹೇಳುವುದು. ನಮ್ಮ ಮಂಡಳಿಯೇ, ಕರೆಂಟು ಜಾಸ್ತಿ ಅಷ್ಟೆ.

ಆಮೇಲೆ ಪವಿತ್ರ ಬಂದಳು. ಅಕ್ಕ ನನ್ನ ತೋಳು ಚಿವುಟಿ, "ಮೋಸಗಾರ! ಏಳ್ಲಾ, ಓಗಾಣ" ಎಂದು ಎದ್ದೇಬಿಟ್ಟಳು. ಅಷ್ಟರಲ್ಲಿ ಪದ ಶುರುವಾಯಿತು.

"ಮಣ್ಣಿನೊಳಗೆ ಒಕ್ಕೋನೆ, ಏನು ತಂದೆ ಮ್ಯಾಲಕ್ಕೆ?"

ಅಕ್ಕ ನಿಂತಲ್ಲೇ ನಿಂತಳು. ಪವಿತ್ರ ಅದೇ ನುಡಿಯನ್ನು ಮೂರು ಸಲ ಹಾಡಿ ನಿಲ್ಲಿಸಿದಳು. ಡ್ರಮ್ ಮೆಲ್ಲಗೆ ನಡೆಯುತ್ತಲೇ ಇತ್ತು. "ಮುಂದಿಂದು ನಂಗೊತ್ತಿಲ್ಲ" ಎಂದಳು ಮೈಕಿನಲ್ಲಿ. "ನಮ್ಮಪ್ಪ ಬರ್ದಿಡ್ಲಿಲ್ಲ. ಗೊತ್ತಿರೋರು ಒಬ್ರೇ ಅವ್ರೆ. ಅವ್ರು ನನ್ ಜೊತೆ ಮಾತಾಡಾಕಿಲ್ಲ."

ಅಕ್ಕ ಬಾಗಿಲ ಕಡೆ ನೋಡಿದಳು. ಹೊರಟೇಹೋಗುತ್ತಾಳೆ ಎಂದುಕೊಂಡೆ.

"ನೀನ್ ಆಡಿದ್ದೇ ಅರ್ಧ ತಪ್ಪೈತೆ ಕಣೇ!" ಎಂದು ಕೂಗಿದಳು ಅಕ್ಕ.

ಮೈದಾನ ಘೊಳ್ಳೆಂದಿತು. ಪವಿತ್ರ ನಗುತ್ತ, ಅಳುತ್ತ, ಮೈಕ್ ಹಿಡಿದು ಓಡಿಬಂದಳು. ಅಕ್ಕ ಅದನ್ನು ಹಾಲಿನ ಚೊಂಬಿನಂತೆ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಹಾಡಿದಳು.

"ಕೈಯಾಗೇನೂ ಇಲ್ಲವಣ್ಣ, ಉಸುರೊಂದೈತೆ ನೋಡಣ್ಣ."

ಭಾವ ರಾಗ ಎಳೆಯುತ್ತಿದ್ದಂತೆಯೇ ಎಳೆದಳು. ಬೀಟಿಗೆ ಅವಳು ಹೊಂದಿಕೊಳ್ಳಲಿಲ್ಲ, ಜಟೆಯವನ ಡ್ರಮ್ಮೇ ಅವಳ ಹಿಂದೆ ಹಿಂದೆ ನಡೆಯಿತು. ಜನ ಆ ಸಾಲನ್ನು ತಿರುಗಿ ಹೇಳಿದಾಗ ಅಕ್ಕ ಬೆಚ್ಚಿ ಕಣ್ಣು ಬಿಟ್ಟಳು. ತುಂಬಾ ಹೊತ್ತು ಮುಚ್ಚಲಿಲ್ಲ.

ಇಂಥ ಕಾರ್ಯಕ್ರಮದಲ್ಲಿ ಏನಿರುತ್ತದೆ ಎಂದು ಮಂಡಳಿಯವರು ಈಗಲೂ ಕೇಳುತ್ತಾರೆ. ಕಿವಿಗೆ ಹತ್ತಿ ತಗೊಂಡು ಹೋಗಿ, ಮನೆಯಲ್ಲಿ ಯಾರಾದರೂ ಮುನಿಸಿಕೊಂಡಿದ್ದರೆ ಅವರನ್ನೂ ಕರೆದುಕೊಂಡು ಹೋಗಿ ಎನ್ನುತ್ತೇನೆ.

ತಾಯಿ ಮಗಳು ಈಗ ನೇರವಾಗಿಯೇ ಜಗಳವಾಡುತ್ತಾರೆ. ಪದದ ಕೊನೆಯ ಮಾತು 'ನೋಡಣ್ಣ' ಎಂದು ಅಕ್ಕ. 'ಕೇಳಣ್ಣ' ಅಂದರೇ ಬೀಟಿಗೆ ಚೆಂದ ಎಂದು ಪವಿತ್ರ. ಭಾವ ಎರಡನ್ನೂ ಹಾಡುತ್ತಿದ್ದರೆಂದು ನನಗೆ ಗೊತ್ತು. ಹೇಳಿಲ್ಲ. ಜಗಳ ಇಷ್ಟು ಸೊಗಸಾಗಿ ನಡೆಯುತ್ತಿರುವಾಗ ನಡುವೆ ಬಾಯಿ ಹಾಕಿ ನಿಲ್ಲಿಸಲು ನನಗೇನು ಬುದ್ಧಿ ಕೆಟ್ಟಿದೆಯೇ?